ಅಣ್ಣನ ಸನ್ನೆಗಳನ್ನು ವೆಬ್‌ಸೈಟಿಗೆ ಹಾಕಿದ ಮಳೆಗಾಲ

ಕಳೆದ ವಾರ ಒಂದು ಮುಂಜಾನೆ ಯಲವಿಗಿ ಸ್ಟೇಶನ್ನಿನಲ್ಲಿ ಇಳಿದಾಗ ಜಿಟಿಜಿಟಿ ಮಳೆ ಆಗಷ್ಟೇ ನಿಂತಿತ್ತು. ಪ್ಲಾಟ್‌ಫಾರ್ಮಿನ ತುದಿಯಲ್ಲಿ ಯಾರೋ ವೀಳ್ಯದೆಲೆಯ ಬುಟ್ಟಿಗಳನ್ನು ಸಾಲಾಗಿಟ್ಟು ಮೇಲೆ ಒದ್ದೆ ಗೋಣಿಚೀಲ ಹೊದಿಸಿದ್ದರು. ನೆನೆದ ಗೋಣಿಯ ವಾಸನೆ, ಹಸಿ ಎಲೆಯ ಖಾರ ವಾಸನೆ ಎರಡೂ ಕೂಡಿ ಮೂಗಿಗೆ ಬಡಿದದ್ದೇ ನನಗೆ ಮುಂದೆ ಹೆಜ್ಜೆ ಇಡಲಾಗಲಿಲ್ಲ. ಹಿಂದೆ ಬರುತ್ತಿದ್ದ ಹೆಂಗಸೊಬ್ಬಳು, "ದಾರಿ ಬಿಡ್ರಿ ಅಕ್ಕಾರ" ಎಂದಾಗ ಪಕ್ಕಕ್ಕೆ ಸರಿದು ಬೆಂಚಿನ ಮೇಲೆ ಕುಳಿತೆ. ನನ್ನ ಅಣ್ಣ ಮಾರುತಿ ನಮ್ಮ ಕೈತಪ್ಪಿ ಹೋದದ್ದು ಇದೇ ಪ್ಲಾಟ್‌ಫಾರ್ಮಿನಿಂದ, ಇಂಥದೇ ಬುಟ್ಟಿಗಳ ನಡುವಿನಿಂದ.

ಅಣ್ಣನಿಗೆ ಹುಟ್ಟಿದಾಗಿನಿಂದ ಕಿವಿ ಕೇಳುತ್ತಿರಲಿಲ್ಲ. ಅದಕ್ಕೇ ಮಾತೂ ಬರಲಿಲ್ಲ. ಕಿವಿ ಕೇಳದ ಮಕ್ಕಳಿಗೂ ಶಾಲೆ ಇರುತ್ತದೆ ಎಂದು ಅಪ್ಪನಿಗೆ ಗೊತ್ತಾಗುವ ಹೊತ್ತಿಗೆ ಅವನು ಸವಣೂರಿನ ಎಲೆತೋಟಗಳಲ್ಲಿ ಏಣಿ ಹತ್ತಿ ಬಳ್ಳಿ ಕಟ್ಟುವ ಕೆಲಸ ಕಲಿತಾಗಿತ್ತು. ಅಕ್ಷರ ಬರದು, ಫೋನು ಇಟ್ಟುಕೊಂಡರೆ ಉಪಯೋಗವಿಲ್ಲ. ಆದರೆ ಮನೆಯಲ್ಲಿ ಅವನಷ್ಟು ಮಾತಾಡುವವರು ಇನ್ನೊಬ್ಬರಿರಲಿಲ್ಲ. ಅವನ ಮಾತೆಲ್ಲ ಕೈಯಲ್ಲಿತ್ತು. ಅದನ್ನು ಯಾರೂ ಅವನಿಗೆ ಕಲಿಸಿದ್ದಲ್ಲ, ನಮ್ಮ ಮನೆಯೊಳಗೇ ಹುಟ್ಟಿದ್ದು. ಮೂಗಿನ ಪಕ್ಕ ಬೆರಳಿಟ್ಟರೆ ಅವ್ವ, ಅವಳ ಮೂಗುತಿಯ ಜಾಗ. ಹೆಗಲ ಮೇಲಿಂದ ಜಡೆ ಎಳೆದಂತೆ ಮಾಡಿದರೆ ನಾನು. ಗಲ್ಲದ ಮಚ್ಚೆ ಮುಟ್ಟಿಕೊಂಡರೆ ಅವನ ಹೆಂಡತಿ, ನನ್ನ ಕಮಲಾ ವೈನಿ. ಹೆಬ್ಬೆರಳು ಬಾಯಿಗೆ ಹೋದರೆ ನೀರು. ನಮ್ಮದು ಗಿಡ್ಡ ಬಾಗಿಲಿನ, ಮಣ್ಣಿನ ಚಾವಣಿಯ ಮಾಳಿಗೆ ಮನೆ. ಉದ್ದನೆಯ ಆಳು ಅವನು, ಒಳಗೆ ಬರುವಾಗಲೆಲ್ಲ ತಲೆ ಬಗ್ಗಿಸಿ, ಚೌಕಟ್ಟು ಬಡಿಯದಂತೆ ನೆತ್ತಿಯ ಮೇಲೆ ಅಂಗೈ ಇಟ್ಟುಕೊಳ್ಳುತ್ತಿದ್ದ. ಹಾಗಾಗಿ ಮನೆ ಎನ್ನುವುದಕ್ಕೂ ಅದೇ ಸನ್ನೆಯಾಯಿತು: ತಲೆ ಬಗ್ಗಿಸಿ ನೆತ್ತಿಯ ಮೇಲೆ ಅಂಗೈ.

ವೈನಿ ಮದುವೆಯಾಗಿ ಬಂದ ಹೊಸದರಲ್ಲೇ ಇದನ್ನೆಲ್ಲ ಕಲಿತಳು. ಕಲಿತು ಸುಮ್ಮನಿರಲಿಲ್ಲ, ಅವನಿಗೆ ಹೊಸ ಸನ್ನೆಗಳನ್ನೂ ಕಟ್ಟಿಕೊಟ್ಟಳು. ಇಬ್ಬರೂ ಉಣ್ಣಲು ಕುಳಿತರೆ ಕೈಗೆ ಬಿಡುವಿಲ್ಲದೆ ತಾಟಿನಲ್ಲಿ ರೊಟ್ಟಿ ಆರಿಹೋಗುತ್ತಿದ್ದವು. "ಮೊದಲ ಉಣ್ರಿ, ಆಮ್ಯಾಲ ಹರಟಿ ಹೊಡೀರಿ" ಎಂದು ಅವ್ವ ಗೊಣಗುತ್ತಿದ್ದಳು.

ಆಗ ನಾನು ಹಾನಗಲ್ಲಿನಲ್ಲಿದ್ದೆ. ಬಸ್ ನಿಲ್ದಾಣದ ಹಿಂದೆ ದಸ್ತಗೀರ್ ಸರ್ ಎನ್ನುವವರ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕಲಿಸುತ್ತಿದ್ದೆ. ಅಲ್ಲೇ ಬಾಡಿಗೆಗೆ ಒಂದು ಖೋಲಿ ಹಿಡಿದುಕೊಂಡು, ಶನಿವಾರ ಶಿಗ್ಗಾಂವಿಯಲ್ಲಿ ಬಸ್ ಬದಲಿಸಿ ಊರಿಗೆ ಬರುತ್ತಿದ್ದೆ. ಆರಿದ್ರಾ ಮಳೆ ಹಿಡಿದ ಒಂದು ಮುಂಜಾನೆ ಪಾಠ ಮಾಡುತ್ತಿದ್ದಾಗ ಎಲೆಯ ವ್ಯಾಪಾರಿ ಶೇಖಪ್ಪನ ಫೋನ್ ಬಂತು. ಅಣ್ಣ ಅವನ ಬುಟ್ಟಿಗಳನ್ನು ಹೊತ್ತು ರೈಲಿಗೆ ಏರಿಸಲು ಹೋಗಿದ್ದ.

"ಗಾಡಿ ಬಿಡ್ತವಾ. ಮಾರುತಿ ಬುಟ್ಟಿ ಸರಿಸಿ ಇಡಾಕ ಒಳಗ ಹೋಗಿದ್ದ, ಇಳಿಯೂದರಾಗ ಬಿಟ್ಟ ಬಿಡ್ತು" ಎಂದ. ಏದುಸಿರು ಬಿಡುತ್ತಿದ್ದ. "ಗಾಡಿ ಕೂಡ ಓಡಿದ್ನಿ. ಜಿಗಿ ಜಿಗಿ ಅಂತ ಕೂಗಿದ್ನಿ. ಆಮ್ಯಾಲ ನೆನಪಾತು, ಅವಗ ಕೇಳೂದಿಲ್ಲಲ್ಲ."

ಮುಂದಿನ ಸ್ಟೇಶನ್ನಿನಲ್ಲಿ ಇಳಿದು ತಿರುಗಿ ಬರುತ್ತಾನೆ ಎಂದುಕೊಂಡೆವು. ಬರಲಿಲ್ಲ. ಹುಬ್ಬಳ್ಳಿಯಲ್ಲಿ ಬುಟ್ಟಿ ಇಳಿಸಿಕೊಂಡವರು, ಬುಟ್ಟಿ ಬಂದಿವೆ, ಜೊತೆಗೆ ಯಾರೂ ಇರಲಿಲ್ಲ ಎಂದರು. ಮಧ್ಯದಲ್ಲೆಲ್ಲೋ ಇಳಿದನೋ, ಹುಬ್ಬಳ್ಳಿಯ ಗದ್ದಲದಲ್ಲಿ ತಿರುಗಿ ಬರುವ ಗಾಡಿ ಎಂದು ತಿಳಿದು ಬೇರೆ ಗಾಡಿ ಹತ್ತಿದನೋ, ಇವತ್ತಿಗೂ ನಮಗೆ ಗೊತ್ತಿಲ್ಲ.

ಪೊಲೀಸ್ ಠಾಣೆಯಲ್ಲಿ ದೂರು ಬರೆದುಕೊಂಡವರು ಕೆಟ್ಟವರೇನಲ್ಲ. ವೈನಿಗೆ ಕುರ್ಚಿ ಕೊಟ್ಟರು. "ಹೆಸರ ಕೇಳಿದ್ರ ಹೇಳಾಂಗಿಲ್ಲ, ಬರಿಯಾಂಗಿಲ್ಲ, ಫೋನ್ ಇಲ್ಲ. ಎಲ್ಲಿ ಅಂತ ಹುಡುಕೂದ್ರಿ ನಾವು?" ಎಂದು ನಮ್ಮನ್ನೇ ಕೇಳಿದರು. ನಾನು ಮತ್ತು ವೈನಿ ಆ ಲೈನಿನ ಒಂದೊಂದು ಸ್ಟೇಶನ್ನಿನಲ್ಲೂ ಇಳಿದು ಫೋಟೋ ತೋರಿಸಿದೆವು, ಕಂಬಗಳಿಗೆ ಹಾಳೆ ಅಂಟಿಸಿದೆವು. ಮರುದಿನ ನೋಡಿದರೆ ಮಳೆಗೆ ಅಂಟು ಬಿಟ್ಟು ಹಾಳೆಗಳು ಹಳಿಯ ಮೇಲೆ ಬಿದ್ದಿದ್ದವು.

ದಸ್ತಗೀರ್ ಸರ್‌ಗೆ ವಿಷಯ ಹೇಳಿ ಮತ್ತಷ್ಟು ರಜೆ ಕೇಳಲು ಹೋದಾಗ ಅವರು, "ಹಾಳಿ ಅಂಟಿಸಿದ್ರ ಆ ಕಂಬ ದಾಟಿ ಮುಂದ ಹೋಗೂದಿಲ್ಲ ಸುಜಾತಾ. ಒಂದು ವೆಬ್‌ಸೈಟ್ ಮಾಡು. ನಮ್ಮ ಸೆಂಟರಿನದನ್ನ ನೀನ ಮಾಡಿದಿ ಅಲ್ಲ? ಅದರ ಬಾಜೂಕ ಜಾಗಾ ಐತಿ, ತಗೋ" ಎಂದರು.

ಕೇಂದ್ರದ ವೆಬ್‌ಸೈಟನ್ನು ನಾನು ಕಟ್ಟಿದ್ದು ಪುಕ್ಕಟೆ ಸಿಗುವ ಒಂದು ತಂತ್ರಾಂಶದಲ್ಲಿ. ಕೋಡ್ ಬರೆಯುವುದು ಬೇಕಾಗಿರಲಿಲ್ಲ. ಒಳಗೆ ಹೋಗಿ, ಸಿದ್ಧ ವಿನ್ಯಾಸವೊಂದನ್ನು ಆರಿಸಿ, ಪುಟ ಸೇರಿಸಿ, ಬರೆದು, ಪಬ್ಲಿಶ್ ಒತ್ತಿದರೆ ಆಯಿತು. ನನ್ನ ವಿದ್ಯಾರ್ಥಿಗಳಿಗೂ ಅದನ್ನೇ ಕಲಿಸುತ್ತಿದ್ದೆ. ಯಾವುದೋ ಹೋಟೆಲಿಗೋ ಬಟ್ಟೆ ಅಂಗಡಿಗೋ ಅಂದುಕೊಂಡು ಮಾದರಿ ಮಾಡಿಸುತ್ತಿದ್ದೆ. ಮನೆಯ ಮನುಷ್ಯನನ್ನು ಹುಡುಕಲು ಎಂದು ಅದರ ಮುಂದೆ ಕುಳಿತಾಗ ಎಲ್ಲವೂ ಬೇರೆಯಾಗಿ ಕಂಡಿತು. ದುಡ್ಡು ಕೊಡದೆ ಸಿಗುವ ವಿನ್ಯಾಸಗಳಲ್ಲಿ ಕನ್ನಡದ ಅಕ್ಷರ ಒಡೆಯದೆ ಕಾಣುತ್ತಿದ್ದದ್ದು ಒಂದೇ. ಅದನ್ನು ಯಾರೋ ಬೇಕರಿಗೆಂದು ಮಾಡಿದ್ದರು. ಮೊದಲ ಪುಟದ ತುಂಬ ಕೇಕುಗಳು ಒಂದಾದ ಮೇಲೊಂದು ಸರಿಯುತ್ತಿದ್ದವು. ಅವನ್ನು ಒಂದೊಂದಾಗಿ ಅಳಿಸಿ ಅಲ್ಲಿ ಅಣ್ಣನ ಫೋಟೋ ಹಾಕಿದೆ. ಅದು ಚಿಕ್ಕಮ್ಮನ ಮಗನ ಮದುವೆಯದು, ಅವನ ಹೆಗಲ ಮೇಲೆ ಬೇರೆ ಯಾರದೋ ಕೈ ಉಳಿದಿತ್ತು. ಕೆಳಗೆ ಕೆಂಪು ಗುಂಡಿಯಲ್ಲಿ "ಈಗಲೇ ಆರ್ಡರ್ ಮಾಡಿ" ಎಂಬರ್ಥದ ಇಂಗ್ಲಿಷ್ ಇತ್ತು. ಅದನ್ನು ತೆಗೆದು "ಇವರನ್ನು ಕಂಡಿರಾ?" ಎಂದು ಬರೆದೆ.

ಶನಿವಾರ ಊರಿಗೆ ಹೋಗಿ ಫೋನಿನಲ್ಲಿ ವೈನಿಗೆ ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು.

"ಛಲೋ ಆಗೈತಿ. ಆದ್ರ ಇದನ್ನ ನೋಡಿ ಯಾರರ ಗುರುತು ಹಿಡದ್ರು ಅಂತ ತಿಳಕೋ. ಆಮ್ಯಾಲ ಏನ್ ಮಾಡ್ಬೇಕು ಅವರು? ಮಾತಾಡಿಸಿದ್ರ ಇವರು ಬರೇ ಮಾರಿ ನೋಡ್ತಾರ. ಇವರು ಕೈ ಮಾಡಿದ್ರ ಅವರಿಗೆ ತಿಳಿಯೂದಿಲ್ಲ."

"ಮತ್ತೇನ್ ಹಾಕ್ಲಿ ವೈನಿ?"

"ಇವರ ಕೈ ಮಾತ ಹಾಕು. ನಾ ಮಾಡಿ ತೋರಸ್ತೇನಿ, ನೀ ವಿಡಿಯೋ ಹಿಡಿ."

ಮಳೆ ಬಿಟ್ಟಾಗ ಹಿತ್ತಿಲಿನ ಗೋಡೆಗೆ ಹೊದೆಯುವ ಬಿಳಿ ದುಪ್ಪಡಿಯನ್ನು ಪರದೆಯಂತೆ ಕಟ್ಟಿ ಅದರ ಮುಂದೆ ಅವಳನ್ನು ನಿಲ್ಲಿಸಿದೆ. ಅಷ್ಟರಲ್ಲಿ ಅಪ್ಪನ ತಮ್ಮ, ನಮ್ಮ ಕಾಕಾ ಬಂದ. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯ ದೊಡ್ಡವನು ಅವನೇ. ನಡೆಯುತ್ತಿದ್ದದ್ದನ್ನು ನೋಡಿ ಅವನ ಮುಖ ಕಪ್ಪಾಯಿತು.

"ಮನಿ ಹೆಣ್ಣಮಗಳು ಕೈ ತಿರುವೂದನ್ನ ಜಗತ್ತೆಲ್ಲಾ ನೋಡಬೇಕನ? ಮೊದಲ ನಮ್ಮ ಕೇರಿ ಅಂದ್ರ ನಗಾವ್ರು ಭಾಳ ಮಂದಿ ಅದಾರ. ಇನ್ನಷ್ಟು ನಗಸ್ತೀರೇನು?"

ವೈನಿ ಸೆರಗು ಸರಿಮಾಡಿಕೊಂಡಳೇ ಹೊರತು ನಿಂತ ಜಾಗ ಬಿಡಲಿಲ್ಲ. "ನಗಲಿ ಬಿಡ್ರಿ ಮಾಂವಾರ. ನಕ್ಕೊಂತ ನೋಡಿದವರೊಳಗ ಒಬ್ಬರರ ಅವರನ್ನ ಕಂಡಿದ್ರ ಸಾಕು" ಎಂದಳು.

ಕಾಕಾ ಹೊರಟುಹೋದ. ವೈನಿ ಒಂದೊಂದೇ ಸನ್ನೆ ಮಾಡಿದಳು. ನೀರು, ಊಟ, ನೋವು, ಮಳೆ, ಎಲೆ, ನಿದ್ದೆ. ಮೂಗಿನ ಪಕ್ಕ ಬೆರಳಿಟ್ಟಾಗ, ಬಾಗಿಲಲ್ಲಿ ಕುಳಿತಿದ್ದ ಅವ್ವ ರೂಢಿಯಿಂದ ಕೈ ಎತ್ತಿ "ಏನು?" ಎಂದು ಸನ್ನೆಯಲ್ಲೇ ಕೇಳಿಬಿಟ್ಟಳು. ಕೇಳಿದ ಕೈಯನ್ನು ಹಾಗೇ ಮಡಿಲಿಗೆ ಇಳಿಸಿಕೊಂಡು ಒಳಗೆ ಎದ್ದು ಹೋದಳು. ಆವತ್ತು ಮತ್ತೆ ವಿಡಿಯೋ ತೆಗೆಯಲಾಗಲಿಲ್ಲ. ಉಳಿದದ್ದನ್ನು ಮರುದಿನ ಮುಗಿಸಿದೆವು.

ಒಂದೊಂದು ಸನ್ನೆಗೆ ಒಂದೊಂದು ಪುಟ ಮಾಡಿದೆ. ವಿಡಿಯೋದ ಕೆಳಗೆ ಅದರ ಅರ್ಥವನ್ನು ಕನ್ನಡ, ಹಿಂದಿ, ಇಂಗ್ಲಿಷಿನಲ್ಲಿ ಬರೆದೆ. ಮರಾಠಿಯಲ್ಲಿ ದಸ್ತಗೀರ್ ಸರ್ ಬರೆದುಕೊಟ್ಟರು. ಆ ವಾರವೆಲ್ಲ ಗಾಳಿಮಳೆಗೆ ಹಾನಗಲ್ಲಿನಲ್ಲಿ ಕರೆಂಟು ಮತ್ತೆ ಮತ್ತೆ ಹೋಗುತ್ತಿತ್ತು. ಅರ್ಧ ಏರಿದ ವಿಡಿಯೋ ಮತ್ತೆ ಮೊದಲಿನಿಂದ ಏರಬೇಕು. ಕಾಯುತ್ತ ಕುಳಿತಾಗ ನನ್ನ ವಿದ್ಯಾರ್ಥಿನಿಯರು ಹಿಂದೆ ನಿಂತು ನೋಡುತ್ತಿದ್ದರು. ಕೆಲವು ದಿನಗಳಲ್ಲಿ ಅವರು ತಮ್ಮತಮ್ಮಲ್ಲೇ ನೀರು ಬೇಕಾದರೆ ಹೆಬ್ಬೆರಳು ಬಾಯಿಗೆ ಒಯ್ದು ಕೇಳತೊಡಗಿದರು. ಅದು ಚೇಷ್ಟೆಯಾಗಿರಲಿಲ್ಲ. ಆದರೂ ನನಗೆ ನೋಡಲಾಗುತ್ತಿರಲಿಲ್ಲ.

ಸೈಟಿನ ವಿಳಾಸ ಫೋನಿನಿಂದ ಫೋನಿಗೆ ಹೋಯಿತು. ಕರೆಗಳು ಬರತೊಡಗಿದವು. ನಿಮ್ಮ ಅಣ್ಣ ನಮ್ಮ ಹತ್ತಿರ ಇದ್ದಾನೆ, ಮೊದಲು ಹಣ ಕಳಿಸಿ ಎಂದವರಿದ್ದರು. ಸುಮ್ಮನೆ ಹೆಣ್ಣಿನ ದನಿ ಕೇಳಲು ಮಾಡಿದವರೂ ಇದ್ದರು. ಪುಟಗಳ ಕೆಳಗೆ ಬೀಳುವ ಪ್ರತಿಕ್ರಿಯೆಗಳಲ್ಲಿ ಜೂಜಿನ, ಮಾತ್ರೆಗಳ ಜಾಹೀರಾತೇ ಹೆಚ್ಚು. ತಂತ್ರಾಂಶ ಅವನ್ನೆಲ್ಲ ತಾನಾಗಿ ಕಸದ ಕಡೆಗೆ ಸರಿಸುತ್ತಿತ್ತು. ನಾನು ದಿನಾ ಆ ಕಸವನ್ನೂ ತೆರೆದು ಓದುತ್ತಿದ್ದೆ.

ಒಮ್ಮೆ ಹಿರೇಕೆರೂರಿನ ಕಡೆಯಿಂದ ಒಬ್ಬರು ಕರೆ ಮಾಡಿ, ಅಬಲೂರಿನ ಹಳೆಯ ಗುಡಿಯ ಕಟ್ಟೆಯ ಮೇಲೆ ಮಾತು ಬಾರದ ಒಬ್ಬ ಇದ್ದಾನೆ, ನಿಮ್ಮ ಫೋಟೋದವನಂತೆ ಕಾಣುತ್ತಾನೆ ಎಂದರು. ದನಿ ನಂಬುವಂತಿತ್ತು. ವೈನಿ ಅಣ್ಣನ ಒಂದು ಜೊತೆ ಬಟ್ಟೆ ಚೀಲಕ್ಕೆ ಹಾಕಿಕೊಂಡು ಬಂದಳು. ಕಟ್ಟೆಯ ಮೇಲೆ ಕುಳಿತಿದ್ದವನು ದೂರದಿಂದ ಅಣ್ಣನೇ ಅನ್ನುವಂತಿದ್ದ. ಹತ್ತಿರ ಹೋದರೆ ಬೇರೆ ಯಾರೋ. ವೈನಿ ಆದರೂ ಅವನ ಮುಂದೆ ಕುಳಿತು ಊಟ, ನೀರು ಎಂದು ಸನ್ನೆ ಮಾಡಿದಳು. ಅವನು ಅವಳ ಕೈಗಳನ್ನೇ ನೋಡಿ, ತನ್ನ ಕೈ ಎತ್ತಿ ಏನೇನೋ ಹೇಳತೊಡಗಿದ. ಬಹಳ ದಿನದಿಂದ ತಡೆದಿಟ್ಟದ್ದೆಲ್ಲ ಹೊರಗೆ ಬಂದಂತೆ ಬೆರಳುಗಳು ಓಡುತ್ತಿದ್ದವು. ಅವನದು ಬೇರೆ ಮನೆಯ ಮಾತು. ನಮಗೆ ಒಂದೂ ತಿಳಿಯಲಿಲ್ಲ. ವೈನಿ ತಲೆ ಅಲ್ಲಾಡಿಸಿದಾಗ ಅವನ ಕೈಗಳು ನಿಧಾನವಾಗಿ ನಿಂತವು.

"ಇವರ ಫೋಟೋನೂ ತಗೋ ಸುಜಾತಾ. ಇವರ ಮನ್ಯಾಗ ಯಾರ ಹುಡುಕಾಕತ್ತಾರೋ" ಎಂದಳು ವೈನಿ. ಚೀಲದಲ್ಲಿದ್ದ ಅಂಗಿಯನ್ನು ಅವನಿಗೇ ಕೊಟ್ಟುಬಂದಳು. ಅವನ ಫೋಟೋಗೂ ಸೈಟಿನಲ್ಲಿ ಒಂದು ಪುಟ ಮಾಡಿದೆ.

ಆಶ್ಲೇಷಾ ಮಳೆಯ ಕಾಲದಲ್ಲಿ ಒಂದು ದಿನ ಜಾಹೀರಾತುಗಳ ಕಸದ ನಡುವೆ, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಮರಾಠಿಯ ಎರಡು ಸಾಲು ಇದ್ದವು. ಕೊನೆಯಲ್ಲಿ ಒಂದು ಫೋನ್ ನಂಬರು. ದಸ್ತಗೀರ್ ಸರ್ ಓದಿ ಕನ್ನಡಕ ತೆಗೆದು, "ಈಗ ಹಚ್ಚು ಫೋನ್" ಎಂದರು.

ಅದು ಗಡಿಯಾಚೆಯ ಒಂದು ಪಟ್ಟಣದ ನಿರ್ಗತಿಕರ ಆಶ್ರಮ. ಅಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಮಂದಾಬಾಯಿ ಎಂಬಾಕೆ ಮಾತಾಡಿದರು. ಗಡಿಯ ಕಡೆಯ ಕನ್ನಡ ಅವರದು. "ನಮ್ಮ ಅಣ್ಣನ ಮಗಳು ನಿಮ್ಮ ವಿಡಿಯೋ ತೋರಿಸಿದ್ಳರಿ. ಫೋಟೋ ನೋಡಿ ನನಗ ಗುರುತು ಹತ್ತಲಿಲ್ಲ, ಮಾರಿ ಅಷ್ಟ ಬದಲಾಗೈತಿ. ಆದ್ರೂ ನೋಡೂಣು ಅಂತ ಅವರ ಮುಂದ ಹೋಗಿ ಮೂಗಿನ ಬಾಜೂಕ ಬೆರಳ ಇಟ್ನಿ. ಯಾವಾಗೂ ಗ್ವಾಡಿ ಕಡೆ ಮಾರಿ ಮಾಡಿ ಮಲಗಿರತಿದ್ರು. ಎದ್ದ ಕುಂತ್ರು. ನನ್ನ ಬೆರಳ ನೋಡಿ ಅಳಾಕ ಹತ್ತಿದ್ರು."

ನಾನು ಆಶ್ರಮದ ವಿಳಾಸ ಕೇಳಿ ಬರೆದುಕೊಂಡೆ. ಅವರು ಮುಂದುವರಿಸಿದರು. "ಬರೂ ಮುಂದ ಮನಸ್ಸು ಗಟ್ಟಿ ಮಾಡ್ಕೊಂಡ ಬರ್ರಿ ತಂಗಿ. ಅವರ ಹೆಂಡ್ತಿಗೂ ಹೇಳ್ರಿ."

ಏನು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ವೈನಿಗೂ ಇಷ್ಟೇ ಹೇಳಿದೆ: ಸಿಕ್ಕಿದ್ದಾನೆ, ಆರಾಮಿಲ್ಲ.

ಆಶ್ರಮದ ಉದ್ದನೆಯ ಖೋಲಿಯಲ್ಲಿ ಕೊನೆಯ ಮಂಚ ಅವನದು. ಅರ್ಧ ಸೊರಗಿದ್ದ. ಒಂದು ಕಣ್ಣಿನ ಮೇಲೆ ಹೊಲಿಗೆಯ ಗುರುತು. ವೈನಿಯನ್ನು ಕಂಡು ಎದ್ದ. ಎದ್ದವನು ಕೈಗಳನ್ನು ಚಾದರದಿಂದ ಹೊರಗೆ ತೆಗೆಯಲಿಲ್ಲ. ವೈನಿಯೇ ಹೋಗಿ ಚಾದರ ಸರಿಸಿದಳು. ಬಲಗೈ ಮುಂಗೈಗಿಂತ ಮೇಲೆ ಕತ್ತರಿಸಿ ಹೋಗಿತ್ತು. ಎಡಗೈಯ ಬೆರಳುಗಳು ಮುರಿದು ಸೊಟ್ಟಗೆ ಕೂಡಿಕೊಂಡು, ಎರಡು ಮಾತ್ರ ಅಲ್ಲಾಡುತ್ತಿದ್ದವು.

ಆದದ್ದನ್ನು ಮಂದಾಬಾಯಿ ನಮ್ಮನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸಿ ಹೇಳಿದರು. ಆ ದಿನಗಳಲ್ಲಿ ಮಕ್ಕಳನ್ನು ಕದಿಯುವವರು ಬಂದಿದ್ದಾರೆ ಎಂದು ಫೋನುಗಳಲ್ಲಿ ಸುದ್ದಿ ಹಬ್ಬಿತ್ತು. ಅಲ್ಲೇ ಸಮೀಪದ ಒಂದು ಹಳ್ಳಿಯ ನಳದ ಹತ್ತಿರ, ಕೊಡ ಹಿಡಿದು ನಿಂತ ಚಿಕ್ಕ ಹುಡುಗಿಯ ಮುಂದೆ ಅಣ್ಣ ಹೆಬ್ಬೆರಳು ಬಾಯಿಗೆ ಒಯ್ದಿದ್ದಾನೆ. ಹುಡುಗಿ ಅಂಜಿ ಚೀರಿದಳು. ಜನ ಕೂಡಿದರು. ಯಾರು, ಎಲ್ಲಿಯವನು ಎಂದು ಕೇಳಿದರು.

"ಎರಡೂ ಕೈ ಎತ್ತಿ ಏನೇನೋ ಮಾಡಿ ತೋರಿಸ್ಯಾರಂತ್ರಿ. ಮಾಟ ಮಾಡಾಕತ್ತಾನ ಅಂತ ಕೈಗೇ ಹೊಡದಾರ. ಪೊಲೀಸ್ರು ಕರಕೊಂಡ ಹೋಗಿ ದವಾಖಾನಿಗೆ ಹಾಕಿದ್ರು, ಕೈ ಉಳೀಲಿಲ್ಲ. ಆಮ್ಯಾಲ ಇಲ್ಲಿಗೆ ತಂದ ಬಿಟ್ರು. ಒಬ್ಬ ಪೊಲೀಸಪ್ಪ ಹೇಳಿದ, ಹೊಡಿಯೂ ಮುಂದ ಇವರು ತಲಿ ಬಗ್ಗಿಸಿ, ನೆತ್ತಿ ಮ್ಯಾಲ ಅಂಗೈ ಇಟ್ಕೊಂಡು ಹಂಗ ಕುಂತಿದ್ರಂತ. ತಪ್ಪ ಒಪ್ಪಿಕೊಂಡ ಅಂತ ಮಂದಿ ಮತ್ತೂ ಹೊಡದ್ರಂತ."

ವೈನಿ ಅವರ ಮುಖ ನೋಡುತ್ತ ಮೆಲ್ಲಗೆ ಹೇಳಿದಳು. "ತಪ್ಪ ಒಪ್ಪಿಕೊಂಡಿದ್ದಲ್ರಿ ಬಾಯಾರ. ಮನಿಗೆ ಹೋಗಬೇಕು ಅಂದಾರ ಅವರು."

ಮಂದಾಬಾಯಿ ಸೆರಗು ಬಾಯಿಗಿಟ್ಟುಕೊಂಡರು. ವೈನಿ ಅಲ್ಲಿ ಅಳಲಿಲ್ಲ. ತಿರುಗಿ ಬರುವ ಗಾಡಿಯಲ್ಲಿ ಅಣ್ಣ ನಿದ್ದೆ ಹೋದ ಮೇಲೆ ನನ್ನ ತೊಡೆಯ ಮೇಲೆ ತಲೆಯಿಟ್ಟು ಬಹಳ ಅತ್ತಳು. ನಾನು ಲೆಕ್ಕ ಹಾಕುತ್ತಿದ್ದೆ. ಮಂದಾಬಾಯಿ ಹೇಳಿದಂತೆ ಅವನಿಗೆ ಏಟು ಬಿದ್ದದ್ದು ಕಾಣೆಯಾದ ವಾರದಲ್ಲೇ. ನಾನು ಕೇಕುಗಳನ್ನು ಅಳಿಸುತ್ತಿದ್ದಾಗ, ವೈನಿ ದುಪ್ಪಡಿಯ ಮುಂದೆ ನಿಂತಿದ್ದಾಗ, ನಾವು ಜಗತ್ತಿಗೆ ಕಲಿಸುತ್ತಿದ್ದ ಮಾತನ್ನು ಆಡುವ ಕೈ ಆಗಲೇ ಹೋಗಿತ್ತು.

ಮನೆಗೆ ಬಂದಾಗ ಅವ್ವ ಅವನ ಮುಖ ಸವರಿದಳು, ತೋಳು ಸವರಿದಳು, ತೋಳು ಮುಗಿದಲ್ಲಿ ತನ್ನ ಕೈಯನ್ನು ಹಾಗೇ ಹಿಡಿದು ನಿಂತಳು. ಸಂಜೆ ಗೋಡೆಯ ಮೇಲಿನ ಬುದ್ಧನ ಫೋಟೋದ ಮುಂದೆ ದೀಪ ಹಚ್ಚಿದಳು, ದಿನದ ಬುದ್ಧವಂದನೆಯನ್ನು ಅರ್ಧಕ್ಕೇ ಬಿಟ್ಟು ಎದ್ದು ಅವನ ಪಕ್ಕ ಹೋಗಿ ಕುಳಿತಳು. ಕಾಕಾ ದಿನಾ ಬಂದು ಅಣ್ಣನ ಪಕ್ಕ ಕೂತು ಹೋಗುತ್ತಿದ್ದ. ಒಂದು ದಿನ ವೈನಿಗೆ, "ನೀ ಮಾಡಿದ್ದನ್ನ ಜಗತ್ತೆಲ್ಲಾ ಮೊದಲ ನೋಡಬೇಕಾಗಿತ್ತವಾ" ಎಂದ.

ಅಣ್ಣ ಉಣ್ಣುತ್ತಿದ್ದ, ಮಲಗುತ್ತಿದ್ದ, ವೈನಿ ಸನ್ನೆ ಮಾಡಿದರೆ ನೋಡುತ್ತಿದ್ದ, ಅರ್ಥವೂ ಆಗುತ್ತಿತ್ತು. ತಿರುಗಿ ಏನೂ ಹೇಳುತ್ತಿರಲಿಲ್ಲ. ಉಳಿದ ಎರಡು ಬೆರಳನ್ನೂ ಚಾದರದೊಳಗೇ ಇಟ್ಟುಕೊಳ್ಳುತ್ತಿದ್ದ. ಯಾರಾದರೂ ಹೊಸಬರು ಬಾಗಿಲಿಗೆ ಬಂದರೆ ಮೂಲೆಗೆ ಸರಿಯುತ್ತಿದ್ದ.

ನಾನು ಹಾನಗಲ್ಲಿಗೆ ಹೋಗಿ ಸೈಟು ತೆರೆದೆ. ಕೆಂಪು ಗುಂಡಿಯ ಮೇಲೆ "ಸಿಕ್ಕಿದ್ದಾರೆ" ಎಂದು ಬರೆದೆ. ಸನ್ನೆಗಳ ಪುಟಗಳನ್ನು ಅಳಿಸಿಬಿಡಬೇಕು ಅನ್ನಿಸಿತ್ತು. ವೈನಿಯನ್ನು ಕೇಳದೆ ಮಾಡುವುದು ಬೇಡವೆಂದು ಫೋನ್ ಮಾಡಿದೆ.

"ಅಳಸಬ್ಯಾಡ" ಎಂದಳು. "ಅವರು ಹೆಂಗ ಮಾತಾಡ್ತಿದ್ರು ಅನ್ನೂದು ಅದರಾಗರ ಇರ್ಲಿ. ಅಬಲೂರಿನವರ ಫೋಟೋನೂ ಇರ್ಲಿ. ಅವರನ್ನ ಕೇಳಿ ಯಾರರ ಫೋನ್ ಮಾಡಿದ್ರೇನು?"

"ಇನ್ನೂ ಯಾರೂ ಮಾಡಿಲ್ಲ ವೈನಿ."

"ಇರ್ಲಿ."

ದೀಪಾವಳಿ ಕಳೆದು ಚಳಿ ಹಿಡಿದ ಮೇಲೆ ಒಂದು ಭಾನುವಾರ ಮಧ್ಯಾಹ್ನ ನಾವೆಲ್ಲ ಮನೆಯಲ್ಲೇ ಇದ್ದೆವು. ಅಣ್ಣ ಚಾದರ ಸರಿಸಿ ವೈನಿಯ ಭುಜ ಮುಟ್ಟಿದ. ಎಡಗೈಯ ಎರಡು ಬೆರಳಿನಿಂದ ಗಾಳಿಯಲ್ಲಿ ಒಂದು ಸುತ್ತು ಹಾಕಿ, ಎದೆಯ ಹತ್ತಿರ ತಂದು ಒತ್ತಿ, ಬಾಗಿಲ ಕಡೆಗೆ ಚಾಚಿದ. ಬಂದಾಗಿನಿಂದ ಅವನು ಆಡಿದ ಮೊದಲ ಮಾತು. ನಾವು ಹತ್ತಿರ ಓಡಿದೆವು.

"ಹೊರಗ ಹೋಗೂದೇನ್ರಿ?" ವೈನಿ ಬಾಯಿಂದಲೂ ಕೈಯಿಂದಲೂ ಕೇಳಿದಳು. ಅಲ್ಲವೆಂದು ತಲೆ ಅಲ್ಲಾಡಿಸಿದ. ಹಸಿವೆಯೇ, ನೋವೇ, ಗಾಡಿಯೇ, ತೋಟವೇ ಎಂದು ಒಬ್ಬರಾದ ಮೇಲೊಬ್ಬರು ಕೇಳಿದೆವು. ಅವ್ವ ತನಗೆ ತಿಳಿದ ಸನ್ನೆಗಳನ್ನೆಲ್ಲ ಮಾಡಿ ನೋಡಿದಳು. ಅವನು ಮತ್ತೆ ಅದನ್ನೇ ಮಾಡಿದ, ಸುತ್ತು, ಎದೆ, ಬಾಗಿಲು. ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದ. ಹೇಳಲು ಬಹಳವಿತ್ತು, ಹೇಳಲು ಉಳಿದದ್ದು ಎರಡು ಬೆರಳು. ಆಮೇಲೆ ಅವನ್ನೂ ಚಾದರದೊಳಗೆ ಎಳೆದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದ.

ವೈನಿ ಮರೆಯಬಾರದೆಂದು ಅದನ್ನು ತನ್ನ ಕೈಯಲ್ಲಿ ಮತ್ತೆ ಮತ್ತೆ ಮಾಡುತ್ತ ಹಿತ್ತಿಲಿಗೆ ನಡೆದಳು. ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಎಡಗೈಯ ಎರಡೇ ಬೆರಳಿನಿಂದ ಮಾಡಿ ತೋರಿಸಿದಳು. ನಾನು ವಿಡಿಯೋ ಹಿಡಿದೆ. ಅಲ್ಲೇ ಕುಳಿತು ಫೋನಿನಿಂದಲೇ ಸೈಟಿಗೆ ಏರಿಸಿದೆ.

"ಹೆಸರ ಏನ್ ಬರೀಲಿ ವೈನಿ?"

"ಏನೂ ಬರೀಬ್ಯಾಡ. ನಮಗ ತಿಳಿದಿಲ್ಲ."

ಹೆಸರಿನ ಜಾಗ ಖಾಲಿ ಬಿಟ್ಟು ಪಬ್ಲಿಶ್ ಒತ್ತಿದೆ. ನೀರು, ಊಟ, ಅವ್ವ, ಮನೆ ಎಂಬ ಪುಟಗಳ ಪಟ್ಟಿಯ ಕೊನೆಗೆ ತಂತ್ರಾಂಶ ತಾನೇ ಬರೆದುಕೊಂಡಿತು: ಶೀರ್ಷಿಕೆ ಇಲ್ಲ. ಆ ಪುಟ ಇವತ್ತಿಗೂ ಹಾಗೇ ಇದೆ. ಅಣ್ಣ ಆ ಸನ್ನೆಯನ್ನು ಮತ್ತೆ ಮಾಡಿಲ್ಲ.